ಮನೆಗಾಡಿಯಲ್ಲಿ ಇಬ್ಬರ ಮೇಜು

ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಹರಿದ ಪುಸ್ತಕಗಳಿಗೆ ಬೆನ್ನು ಕಟ್ಟಿದವಳು ಅಂಟಮ್ಮ. ಬೆರಳ ತುದಿಯಲ್ಲಿ ಸದಾ ಒಣಗಿದ ಅಂಟಿನ ಪೊರೆ ಇರುತ್ತಿದ್ದರಿಂದ ಓದಲು ಬರುತ್ತಿದ್ದ ಮಕ್ಕಳು ಇಟ್ಟ ಹೆಸರು ಅದು. ಮೊದಮೊದಲು ಸಿಟ್ಟು ಬಂದಿತ್ತು. ಆಮೇಲೆ ಹೆಸರೂ ಅಂಟಿಕೊಂಡುಬಿಟ್ಟಿತು. ನೆಲಮಾಳಿಗೆಗೆ ಇದ್ದದ್ದು ಒಂದೇ ಕಿಟಕಿ, ಅದೂ ರಸ್ತೆಯ ಮಟ್ಟದಲ್ಲಿ. ಅದರಲ್ಲಿ ಹೋಗಿಬರುವವರ ಕಾಲುಗಳಷ್ಟೇ ಕಾಣುತ್ತಿದ್ದವು. ಹಾಳೆ ಹೊಲಿಯುತ್ತ ಕೂತವಳು ಮನಸ್ಸಿನಲ್ಲೇ ಆ ಕಾಲುಗಳ ಹಿಂದೆ ಹೊರಟುಬಿಡುತ್ತಿದ್ದಳು. ಒಂದು ಜೊತೆ ಕೆಂಪು ಚಪ್ಪಲಿಯ ಬೆನ್ನು ಹತ್ತಿ ಗುಡ್ಡ ಏರುವಳು, ಕೆಸರು ಮೆತ್ತಿದ ಬೂಟುಗಳ ಜೊತೆ ಕಾಡು ಹೊಗುವಳು. ಸೂಜಿ ಬೆರಳಿಗೆ ಚುಚ್ಚಿದಾಗಲೇ ವಾಪಸ್ಸು ಬರುವುದು.

ನೆಲಮಾಳಿಗೆಗೆ ಬೀಗ ಬಿದ್ದ ವರ್ಷವೇ ಅವಳ ಗಂಡನೂ ನಿವೃತ್ತನಾದ. ಅವನು ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್. ಮನೆಯಲ್ಲಿ ಹದಿನೈದು ದಿನ ಕೂತು ನೋಡಿದ, ಕಾಲು ತಾನಾಗಿಯೇ ಬ್ರೇಕು ಹುಡುಕುತ್ತಿತ್ತು. ಕೊನೆಗೆ ಒಲೆ, ಹಾಸಿಗೆ ಎಲ್ಲ ಒಳಗೇ ಇರುವ ಹಳೆಯ ಮೋಟರ್‌ಹೋಮ್, ಅಂದರೆ ಮನೆಗಾಡಿ, ಒಂದನ್ನು ತಂದು ಬಾಗಿಲ ಮುಂದೆ ನಿಲ್ಲಿಸಿದ.

"ಶಾಲೆ ಶಾಲೆಗೂ ಹರಿದ ಪುಸ್ತಕ ಇದ್ದೇ ಇರುತ್ತೆ. ನಾನು ಓಡಿಸ್ತೀನಿ, ನೀನು ಕಟ್ಟು," ಅಂದ.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಅಂಟಮ್ಮನ ಓರಗಿತ್ತಿ. ಡ್ರೈವರನ ತಮ್ಮ ಹಡಗಿನ ಇಂಜಿನ್ ನೋಡಿಕೊಳ್ಳುವವನು, ವರ್ಷದಲ್ಲಿ ಹತ್ತು ತಿಂಗಳು ನೀರಿನ ಮೇಲೆ. ಅವನ ಹೆಂಡತಿ ಹೊಲಿಗೆ ಮಷೀನು ರಿಪೇರಿಯಲ್ಲಿ ಎತ್ತಿದ ಕೈ. ಒಂದೇ ಒಲೆಯ ಮುಂದೆ ಇಪ್ಪತ್ತು ವರ್ಷ ನಿಂತರೂ ಇಬ್ಬರ ಮಾತು "ಉಪ್ಪು ಹಾಕಿದ್ಯಾ", "ಹಾಕಿದೀನಿ ಅಕ್ಕ" ಎನ್ನುವುದನ್ನು ದಾಟಿರಲಿಲ್ಲ. ಜಗಳವೇನೂ ಇರಲಿಲ್ಲ. ಜಗಳವಾಡುವಷ್ಟು ಸಲಿಗೆಯೂ ಇರಲಿಲ್ಲ.

"ಅವಳೊಬ್ಬಳನ್ನೇ ಬಿಟ್ಟು ಹೇಗೆ ಹೋಗೋದು? ಕೆಟ್ಟ ಮಷೀನು ಎಲ್ಲ ಊರಲ್ಲೂ ಇರುತ್ತೆ, ಬರ್ಲಿ ಬಿಡು," ಎಂದ ಡ್ರೈವರ್. ಹೀಗೆ ಮೂವರೂ ಹೊರಟರು.

ಮನೆಗಾಡಿಯ ಹಿಂಭಾಗದಲ್ಲಿ ಅಗಲವಾದ ಕಿಟಕಿ. ಅದರ ಪಕ್ಕಕ್ಕೆ ಎದುರುಬದುರಾಗಿ ಎರಡು ಬೆಂಚು, ನಡುವೆ ಒಂಟಿ ಕಾಲಿನ ಊಟದ ಮೇಜು. ಮೇಜಿನ ಹಲಗೆಯನ್ನು ಇಳಿಸಿ ಬೆಂಚುಗಳ ಮಟ್ಟಕ್ಕೆ ಕೂರಿಸಿದರೆ ಅದೇ ಹಾಸಿಗೆ. ಓರಗಿತ್ತಿ ಮಲಗುತ್ತಿದ್ದದ್ದು ಅಲ್ಲಿ. ಗಂಡಹೆಂಡಿರ ಮಂಚ ನಡುಭಾಗದಲ್ಲಿ, ಪರದೆಯ ಹಿಂದೆ. ಡ್ರೈವರನ ಸೀಟಿನ ಮೇಲೆ ಒಬ್ಬರು ಕಾಲು ಚಾಚುವಷ್ಟು ಅಟ್ಟವಿತ್ತು. ಅದರ ತುಂಬ ಅಂಟಮ್ಮ ನೆಲಮಾಳಿಗೆಯಿಂದ ಹೊತ್ತು ತಂದ ಬಣ್ಣದ ಹಾಳೆ, ಬಟ್ಟೆಯ ಸುರುಳಿ, ಚರ್ಮದ ತುಂಡುಗಳು. ಅವನ್ನು ಯಾರೂ ಮುಟ್ಟುವಂತಿರಲಿಲ್ಲ.

ಮೇಜು ಒಂದು, ಕೆಲಸ ಎರಡು. ಬೆಳಗ್ಗೆ ತಿಂಡಿಯ ತಟ್ಟೆ ಎತ್ತಿದ ಮೇಲೆ ಅಂಟಮ್ಮನ ಸರದಿ, ಮಧ್ಯಾಹ್ನದ ಊಟದ ನಂತರ ಓರಗಿತ್ತಿಯದು. ಅಂಟು ಹಚ್ಚಿ ಭಾರದ ಕೆಳಗೆ ಒತ್ತಿಟ್ಟ ಪುಸ್ತಕ ಆರೇಳು ಗಂಟೆ ಅಲುಗಬಾರದು. ಬಿಚ್ಚಿ ಜೋಡಿಸಿದ ಮಷೀನನ್ನು ಓಡಿಸಿ ನೋಡದೆ ವಿಧಿಯಿಲ್ಲ, ಓಡಿಸಿದರೆ ಮೇಜೆಲ್ಲ ಗಡಗಡ. ಮೂರು ತಿಂಗಳು ಇಬ್ಬರೂ ತುಟಿ ಬಿಗಿಹಿಡಿದು ಸಾಗಿಸಿದರು.

ಕೆರೆಯ ಪಕ್ಕದ ಶಾಲೆಯೊಂದರಲ್ಲಿ ಆ ಹೊಂದಾಣಿಕೆ ಮುರಿದುಬಿತ್ತು. ಅಲ್ಲಿಯ ಮಕ್ಕಳು ವರ್ಷ ವರ್ಷವೂ ಎಲೆಗಳನ್ನು ಒಣಗಿಸಿ, ಅಂಟಿಸಿ, ಕೆಳಗೆ ಹೆಸರು ಬರೆದು ಬೆಳೆಸಿದ್ದ ದಪ್ಪನೆಯ ಪುಸ್ತಕವೊಂದು ಅಂಟಮ್ಮನ ಕೈಗೆ ಬಂದಿತ್ತು. ಅದರ ಹಾಳೆಗಳನ್ನು ಬಿಡಿಸಿ ಮೇಜಿನ ಮೂಲೆಯಲ್ಲಿ ಜೋಡಿಸಿಟ್ಟಿದ್ದಳು. ಓರಗಿತ್ತಿ ಮಷೀನಿನ ಚಕ್ರ ತಿರುಗಿಸಿದಳು. ಮೇಜು ನಡುಗಿತು, ಎಣ್ಣೆಯ ಡಬ್ಬಿ ಮೆಲ್ಲಗೆ ನಡೆದು ಬಂದು ಹಾಳೆಗಳ ಮೇಲೆ ಉರುಳಿತು. ಎಣ್ಣೆ ಹರಡಿದ ಹಾಳೆಯನ್ನು ಅಂಟಮ್ಮ ಎತ್ತಿ ಹಿಡಿದಳು. ಅರಳಿ ಎಲೆಯೊಂದು ಗಾಜಿನಂತಾಗಿ, ನರನರದಲ್ಲೂ ಸಂಜೆಯ ಬೆಳಕು ಹರಿಯುತ್ತಿತ್ತು. ಎಷ್ಟು ಚೆಂದ ಎಂದು ಒಂದು ಗಳಿಗೆ ಮೈಮರೆತಳು. ಆಮೇಲೆ ಸಿಟ್ಟು ಬಂತು.

"ಈ ಮೇಜು ಹೀಗಿದ್ರೆ ಆಗಲ್ಲ. ನಾಳೆ ಕಿತ್ತು ಹಾಕ್ತೀನಿ," ಎಂದಳು. ಅಷ್ಟೇ ಅಂದದ್ದು.

ಬೆಳಗ್ಗೆ ನೋಡಿದರೆ ಓರಗಿತ್ತಿ ಚೀಲ ಕಟ್ಟಿಕೊಂಡು ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದಳು.

"ಮುಂದಿನ ಊರಲ್ಲಿ ಇಳಿದು ಮನೆಗೆ ಹೋಗ್ತೀನಿ ಅಕ್ಕ."

"ಯಾಕೇ? ಏನಾಯ್ತು?"

"ಮೇಜು ಕಿತ್ತರೆ ನಾನು ಎಲ್ಲಿ ಮಲಗ್ಲಿ? 'ಹೋಗು' ಅಂತ ನೇರವಾಗಿ ಅಂದಿದ್ರೆ ಬೇಜಾರು ಮಾಡ್ಕೊತಿರಲಿಲ್ಲ."

ಅಂಟಮ್ಮನಿಗೆ ಅವಳನ್ನು ಕಳಿಸುವ ಯೋಚನೆ ಖಂಡಿತ ಇರಲಿಲ್ಲ. ಆದರೆ ಮೇಜು ಕಿತ್ತರೆ ಹಾಸಿಗೆಯೂ ಹೋಗುತ್ತದೆ ಎನ್ನುವುದು ಹೊಳೆದೇ ಇರಲಿಲ್ಲವಲ್ಲ, ಅದು ಇನ್ನೂ ನಾಚಿಕೆಗೇಡು ಅನ್ನಿಸಿತು. ಮೂರು ತಿಂಗಳಿಂದ ತಾನು ಈ ಹೆಂಗಸಿನ ಹಾಸಿಗೆಯ ಮೇಲೆ ಅಂಟು ಕಲಸಿದ್ದಳು, ಒಮ್ಮೆಯೂ ಕೇಳಿರಲಿಲ್ಲ.

ಸೀದಾ ಒಳಗೆ ಹೋದಳು. ಡ್ರೈವರನ ಸೀಟಿನ ಮೇಲೆ ಕಾಲಿಟ್ಟು ಅಟ್ಟ ಹತ್ತಿ ಸುರುಳಿಗಳನ್ನು ಒಂದೊಂದಾಗಿ ಕೆಳಗೆ ಬಿಟ್ಟಳು. ನೀಲಿ, ಕುಂಕುಮಗೆಂಪು, ಮೋಡದ ಗೆರೆಗಳ ಹಾಳೆಗಳು ಬಿಚ್ಚಿಕೊಂಡು ಗಾಡಿಯ ತುಂಬ ಹರಡಿದವು.

"ಏನೇ ಇದು, ಗರ ಬಡೀತಾ?" ಎಂದು ಗಂಡ ಹಲ್ಲುಜ್ಜುತ್ತಲೇ ಓಡಿಬಂದ.

"ಇಲ್ಲಿ ಅವಳು ಮಲಗ್ತಾಳೆ. ಈ ಹಾಳೆಗಳನ್ನ ಶಾಲೆಗೆ ಕೊಟ್ಟುಬಿಡಿ. ನಾನು ಇಟ್ಕೊಂಡು ಪೂಜೆ ಮಾಡ್ಬೇಕಾ?" ಎಂದಳು. ಅಟ್ಟದ ಕೊನೆಯಲ್ಲಿ ತಟ್ಟೆಯಷ್ಟಗಲದ ದುಂಡು ಕಿಟಕಿಯೊಂದಿತ್ತು. ಅದನ್ನು ಒರೆಸಿ, ಕೆಳಗೆ ಬಗ್ಗಿ, "ಬಾ, ಕೆರೆ ಕಾಣ್ಸುತ್ತೆ, ನೋಡು," ಎಂದು ಓರಗಿತ್ತಿಗೆ ಕೈ ಚಾಚಿದಳು.

ಎಲೆ ಪುಸ್ತಕವನ್ನು ಒಪ್ಪಿಸುವಾಗ ಶಾಲೆಯ ಮೇಡಂಗೆ ಎಣ್ಣೆಯ ಹಾಳೆ ತೋರಿಸಿ, "ನಮ್ಮಿಂದ ಆದ ತಪ್ಪು" ಎಂದಳು. ಆ "ನಮ್ಮ" ಎನ್ನುವುದನ್ನು ಓರಗಿತ್ತಿ ಕೇಳಿಸಿಕೊಂಡಳು.

ಶಾಲೆಯ ಅಂಗಳದಲ್ಲೇ ಗಾಡಿ ನಿಲ್ಲಿಸಿ ಮೂರು ದಿನ ಮೇಜಿನ ಕೆಲಸ ಮಾಡಿದರು. ಮೇಜಿನ ಒಂಟಿ ಕಾಲಿಗೆ ನಾಲ್ಕು ಬೋಲ್ಟು, ನಾಲ್ಕೂ ತುಕ್ಕು. ಓರಗಿತ್ತಿ ತನ್ನ ಎಣ್ಣೆ ಬಿಟ್ಟು, ಅರ್ಧ ದಿನ ಕಾದು, ಹಲ್ಲು ಕಚ್ಚಿ ಬಿಚ್ಚಿದಳು. ಒಂದು ಬೆಂಚಿನ ಮುಂಭಾಗ ಕತ್ತರಿಸಿ ಕೆಳಗೆ ಡ್ರಾಯರು ಮಾಡಿದರು. ಇನ್ನೊಂದರ ಹೊಟ್ಟೆಯಲ್ಲಿ ನೀರಿನ ಟ್ಯಾಂಕು, ಅದರ ತಂಟೆಗೆ ಹೋಗಲಿಲ್ಲ. ಹಲಗೆಯನ್ನು ಸೀಳಿ ಎರಡು ಮಾಡಿ, ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು, ಎರಡಕ್ಕೂ ಬೇರೆ ಬೇರೆ ಕಾಲು ಕೊಟ್ಟರು. ಒಂದರ ನಡುಕ ಇನ್ನೊಂದಕ್ಕೆ ದಾಟಬಾರದಲ್ಲ. ಮಷೀನು ಹಲಗೆಯ ಕೆಳಗೆ ಮಡಚಿ ಇಳಿಯುವಂತೆ ಮಾಡಿದ್ದು ಓರಗಿತ್ತಿಯ ಬುದ್ಧಿ. ಅದರ ಮೇಲಿನ ಮುಚ್ಚಳಕ್ಕೆ ಕಬ್ಬಿಣದ ಕೀಲಿನ ಬದಲು ಪುಸ್ತಕದ ಬೆನ್ನಿಗೆ ಹಾಕುವ ಗಟ್ಟಿ ಬಟ್ಟೆ ಅಂಟಿಸಿದ್ದು ಅಂಟಮ್ಮ. ತೆರೆದರೂ ಮುಚ್ಚಿದರೂ ಸದ್ದಿಲ್ಲ.

"ನಾನೆಲ್ಲಿ ಊಟ ಮಾಡ್ಲಿ?" ಎಂದ ಡ್ರೈವರ್.

"ಮೆಟ್ಟಿಲ ಮೇಲೆ ರೀ. ಇಷ್ಟು ವರ್ಷ ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ತಿನ್ಲಿಲ್ವಾ?"

ಓರಗಿತ್ತಿ ಕಿಸಕ್ಕೆಂದಳು. ಅವಳು ನಗುವುದನ್ನು ಅಂಟಮ್ಮ ಅಷ್ಟು ಹತ್ತಿರದಿಂದ ಕೇಳಿರಲಿಲ್ಲ.

ಕೂರುವ ಜಾಗದ ಪ್ರಶ್ನೆ ಉಳಿದಿತ್ತು. ಕಿಟಕಿಯ ಬೆಳಕು ಎಡಗಡೆಯಿಂದ ಬಿದ್ದರೆ ಮಾತ್ರ ಬಲಗೈಯ ನೆರಳು ಕೆಲಸದ ಮೇಲೆ ಬೀಳದು. ಆ ಕಡೆಯ ಬೆಂಚು ತನಗೇ ಬೇಕು ಎನ್ನಲು ಅಂಟಮ್ಮನಿಗೆ ಬಾಯಿ ಬರಲಿಲ್ಲ.

"ನೀನೇ ತಗೋ," ಎಂದಳು.

"ಬೇಡ ಅಕ್ಕ, ನಂಗೆ ಈ ಕಡೆನೇ ಸರಿ. ನಾನು ಎಡಚಿ."

"ಎಡಚಿಯಾ! ಯಾವಾಗಿಂದ?"

"ಹುಟ್ಟಿದಾಗಿಂದ ಅಕ್ಕ. ನಿಮ್ಮ ಕಣ್ಣೆದುರಿಗೇ ಇದೀನಿ, ಇಪ್ಪತ್ತು ವರ್ಷದಿಂದ."

ಅಂಟಮ್ಮ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಅಂದಿನಿಂದ ಸರದಿ ಎನ್ನುವುದೇ ಇಲ್ಲವಾಯಿತು. ಒಬ್ಬಳು ಹಾಳೆ ಹೊಲಿಯುವಳು, ಎದುರಿಗೆ ಇನ್ನೊಬ್ಬಳು ಚಕ್ರ ತಿರುಗಿಸಿ ಕಿವಿಗೊಡುವಳು. ಮಷೀನಿನ ಸದ್ದು ಮೊದಲು ಕಿರಿಕಿರಿಯಾಗಿತ್ತು. ವಾರ ಕಳೆಯುವುದರಲ್ಲಿ ಅದು ನಿಂತರೆ ಅಂಟಮ್ಮ ತಲೆಯೆತ್ತಿ ನೋಡುವಂತಾಯಿತು. ಕಿಟಕಿಯಲ್ಲಿ ದಿನಕ್ಕೊಂದು ಊರು: ಬಟ್ಟೆ ಒಣಗಿಸುವವರು, ಸೈಕಲ್ಲು ಕಲಿಯುವ ಅಜ್ಜಿ, ಇಟ್ಟಿಗೆ ಗೋಡೆಯ ಮೇಲೆ ತೂಕಡಿಸುವ ಬೆಕ್ಕು.

ಒಮ್ಮೆ ಅಗಲವಾದ ನದಿಯೊಂದು ಅಡ್ಡ ಬಂತು. ಸೇತುವೆ ಇರಲಿಲ್ಲ, ವಾಹನಗಳನ್ನು ದಾಟಿಸುವ ಲಾಂಚಿನ ಮೇಲೆ ಮನೆಗಾಡಿ ಹತ್ತಿತು. ದಡ ಸದ್ದಿಲ್ಲದೆ ಹಿಂದೆ ಸರಿಯಿತು. ನೀರಿನ ಬೆಳಕು ಒಳಗೆ ಬಂದು ಸೂರಿನ ಮೇಲೆ ಬಲೆಬಲೆಯಾಗಿ ತೂಗತೊಡಗಿತು. ಇಬ್ಬರ ಕೈಗಳೂ ನಿಂತವು.

"ಹಡಗಲ್ಲಿ ಅವರೂ ಹೀಗೇ ತೇಲ್ತಾ ಇರ್ತಾರೆ ಅಲ್ವಾ ಅಕ್ಕ," ಎಂದಳು ಓರಗಿತ್ತಿ.

"ಅವನು ಇಲ್ಲದಾಗ ನಿಂಗೆ ಹೇಗನ್ಸುತ್ತೆ?" ಅಂಟಮ್ಮ ಕೇಳಿದಳು. ಕೇಳಿದ್ದು ಅದೇ ಮೊದಲು.

ಓರಗಿತ್ತಿ ಕೈಯ ಎಣ್ಣೆಯನ್ನು ಒರೆಸಿಕೊಂಡಳು. ಆಮೇಲೆ ಶುರುಮಾಡಿದಳು. ಮದುವೆಯಾದ ಹೊಸದರಲ್ಲಿ ಅವನ ಅಂಗಿಗಳನ್ನು ಒಗೆಯದೆ ಇಟ್ಟುಕೊಳ್ಳುತ್ತಿದ್ದದ್ದು, ಅವನು ಬಂದಾಗ ಎರಡು ದಿನ ಅಪರಿಚಿತನಂತೆ ಕಾಣುವುದು, ಹೊರಡುವ ಹೊತ್ತಿಗೆ ಸರಿಯಾಗಿ ಪರಿಚಯವಾಗುವುದು. ಅಂಟಮ್ಮ ಮೇಜಿನ ಸಂದಿನ ಆಚೆ ಗಲ್ಲಕ್ಕೆ ಕೈಯಾನಿಸಿ ಕೇಳುತ್ತಿದ್ದಳು.

ಲಾಂಚು ಆಚೆ ದಡಕ್ಕೆ ಮೆತ್ತಗೆ ತಾಕಿತು. ಮುಂದಿನಿಂದ ಡ್ರೈವರ್ ಕೂಗಿದ: "ಎಲ್ಲ ಭದ್ರ ಮಾಡ್ಕೊಳ್ರಮ್ಮ, ಇಳೀತಾ ಇದೀವಿ!"

"ರೀ," ಎಂದಳು ಅಂಟಮ್ಮ, "ಈ ಲಾಂಚು ವಾಪಸ್ ಹೋಗೋದು ಎಷ್ಟೊತ್ತಿಗೆ?"

"ಈಗಲೇ. ಯಾಕೆ, ಏನಾದ್ರೂ ಬಿಟ್ಟು ಬಂದ್ರಾ?"

"ಬಿಟ್ಟಿಲ್ಲ. ಇನ್ನೊಂದು ಸಲ ಹೋಗಿ ಬರೋಣ. ಇಳಿಸ್ಬೇಡಿ."

ಡ್ರೈವರ್ ಕನ್ನಡಿಯಲ್ಲಿ ಹಿಂದೆ ನೋಡಿದ, ಏನೂ ಅರ್ಥವಾಗಲಿಲ್ಲ. ಲಾಂಚಿನವನಿಗೆ ಕೈಸನ್ನೆ ಮಾಡಿ ಇಂಜಿನ್ ಆರಿಸಿದ.

"ಹ್ಞೂಂ, ಹೇಳು," ಎಂದಳು ಅಂಟಮ್ಮ.