ತಣ್ಣನೆಯ ಊಟದ ತೆರಿಗೆ

ಬ್ರಿಸ್ಬೇನಿನ ನಾರ್ತ್ ಲೇಕ್ಸ್‌ನಿಂದ ಬೆಳಗ್ಗೆಯೇ ಹೊರಟೆ. ಪರ್ತ್‌ಗೆ ನೇರ ವಿಮಾನ ದುಬಾರಿಯಾದ್ದರಿಂದ ಅಡಿಲೇಡಿನಲ್ಲಿ ಇಳಿದು ಹತ್ತುವ ಟಿಕೆಟ್ ಕೊಂಡಿದ್ದೆ. ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನನ್ನ ಗೆಳತಿ ಗಿರಿಜಾ ಇದ್ದಾಳೆ. ಮೈಸೂರಿನಲ್ಲಿ ಒಟ್ಟಿಗೆ ಓದಿದವರು ನಾವು. ಅವಳು ಮನೆಯಲ್ಲೇ ಅಡುಗೆ ಮಾಡಿ ಊಟದ ಡಬ್ಬಿ ಮಾರುತ್ತಿದ್ದಳು. ವ್ಯಾಪಾರ ಬೆಳೆದಾಗ ಫೋನು ಮಾಡಿ, "ಇದಕ್ಕೆ ಜಿಎಸ್‌ಟಿ ಹಾಕ್ಬೇಕೇನೇ?" ಎಂದು ಕೇಳಿದ್ದಳು.

ನಾನು ಸೋಫಾ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಆಹಾರದ ನಿಯಮ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಆದರೂ, "ಬಿಸಿ ಊಟಕ್ಕೆ ಮಾತ್ರ ಕಣೆ. ನೀನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಕೊಡ್ತೀಯಲ್ಲ, ಬೇಡ. ನಿಮ್ಮ ಸ್ಟೇಟೂ ಬೇರೆ," ಎಂದುಬಿಟ್ಟಿದ್ದೆ. ಬಾಕಿ ತೆರಿಗೆ ಕಟ್ಟುವಂತೆ ಇಲಾಖೆಯ ಪತ್ರ ಬಂದು ಅವಳು ಡಬ್ಬಿ ನಿಲ್ಲಿಸಿದ ಸುದ್ದಿ ಕಳೆದ ತಿಂಗಳು ಬೇರೆಯವರಿಂದ ತಿಳಿಯಿತು. ಅವಳು ನನಗೆ ಹೇಳಿರಲೇ ಇಲ್ಲ.

ಅಡಿಲೇಡಿನಲ್ಲಿ ನಾಲ್ಕು ಗಂಟೆ ಕಾಯಬೇಕಿತ್ತು. ಚಳಿಗಾಳಿಯಲ್ಲೇ ಹತ್ತಿರದ ಸೂಪರ್‌ಮಾರ್ಕೆಟ್‌ಗೆ ನಡೆದು ಬ್ರೆಡ್ಡು, ಬಾಳೆಹಣ್ಣು, ಫ್ರಿಜ್‌ನಲ್ಲಿದ್ದ ಅನ್ನ-ಕರಿಯ ಪೊಟ್ಟಣ ಕೊಂಡೆ. ಬಿಲ್ಲಿನಲ್ಲಿ ಬ್ರೆಡ್ಡಿಗೂ ಹಣ್ಣಿಗೂ ತೆರಿಗೆಯಿಲ್ಲ, ಪೊಟ್ಟಣಕ್ಕೆ ಹತ್ತು ಪರ್ಸೆಂಟ್. ತಣ್ಣಗಿದೆಯಲ್ಲ ಎಂದು ಕೌಂಟರಿನ ಹೆಂಗಸನ್ನು ಕೇಳಿದೆ. ತಣ್ಣಗಿದ್ದರೂ ಅದು ತಯಾರಾದ ಊಟವೇ, ಬ್ರಿಸ್ಬೇನಿನಲ್ಲೂ ಪರ್ತ್‌ನಲ್ಲೂ ಹೀಗೇ ಎಂದು ಆಕೆ ನಕ್ಕಳು. ಅಷ್ಟು ಸುಲಭದ ಪ್ರಶ್ನೆ. ಪೊಟ್ಟಣ ತಿನ್ನಲಾಗಲಿಲ್ಲ.

ಪರ್ತ್‌ನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಗಿರಿಜಾ ವೃದ್ಧಾಶ್ರಮದ ಕೆಲಸ ಮುಗಿಸಿ, ಯೂನಿಫಾರ್ಮಿನಲ್ಲೇ ಕಾರು ತಂದಿದ್ದಳು. ನಿನ್ನ ಅಮ್ಮನ ಬಿಸಿಬೇಳೆಬಾತ್ ತಿನ್ನೋಕೇ ಬಂದೆ ಎಂದು ನಾನು ಹಿಂದೆ ಕೂತಿದ್ದ ಅವಳ ಮಗಳಿಗೆ ಹೇಳಿದೆ. "ಮಮ್ ಈಗ ಹಾರ್ಡ್ಲಿ ಕುಕ್ಸ್, ಆಂಟಿ," ಎಂದಳು ಹುಡುಗಿ.

ಮನೆಯಲ್ಲಿ ದೊಡ್ಡ ಕುಕ್ಕರುಗಳು ಗ್ಯಾರೇಜಿಗೆ ಹೋಗಿದ್ದವು. ನೂಡಲ್ಸ್ ತಿಂದೆವು. ಕೊನೆಗೆ, "ನನ್ನಿಂದ ತಪ್ಪಾಯ್ತು ಕಣೆ," ಎಂದೆ.

ಗಿರಿಜಾ ತಟ್ಟೆ ತೊಳೆಯುತ್ತಲೇ ಇದ್ದಳು. "ಟ್ಯಾಕ್ಸ್ ಕಟ್ಟಿದ್ದಾಯ್ತು, ಬಿಡು. ನಿನ್ನೊಬ್ಬಳ ಮಾತು ನಂಬಿದ್ದು ನಂದೂ ತಪ್ಪೇ. ಆದ್ರೆ ಗೊತ್ತಿಲ್ಲ ಅಂತ ಒಂದು ಮಾತು ಹೇಳ್ಬಹುದಿತ್ತು. ನಾನು ಬೇರೆ ಯಾರನ್ನಾದ್ರೂ ಕೇಳ್ತಿದ್ದೆ."

ಎರಡು ದಿನ ಇದ್ದೆ. ಮತ್ತೆ ಆ ಮಾತು ಬರಲಿಲ್ಲ. ವಾಪಸು ಹೊರಟಾಗ ಅವಳೇ ಏರ್‌ಪೋರ್ಟಿಗೆ ಬಿಟ್ಟಳು, ಸೂಟ್‌ಕೇಸನ್ನೂ ಇಳಿಸಿಕೊಟ್ಟಳು. ತಲುಪಿದ ಮೇಲೆ ಫೋನು ಮಾಡು ಎಂದು ಮಾತ್ರ ಹೇಳಲಿಲ್ಲ. ಬಾಗಿಲಿನಿಂದ ತಿರುಗಿ ನೋಡಿದೆ. ಅವಳ ಕಾರು ಆಗಲೇ ಸಾಲಿನಲ್ಲಿ ಮುಂದೆ ಹೋಗಿತ್ತು.