ಸ್ವಿಚ್ಚಿನ ಬದಲು ಸೈಲೆನ್ಸರ್

ಇದನ್ನು ಬರೆಯಬೇಕೆಂದು ಹಲವು ಸಲ ಕೂತಿದ್ದೇನೆ. ಪ್ರತಿ ಸಲವೂ ಬೇರೆ ಏನೋ ಕೆಲಸ ನೆನಪಾಗಿ ಎದ್ದುಹೋಗಿದ್ದೇನೆ. ಇನ್ನೂ ಮುಂದೂಡಿದರೆ ಹೇಳುವುದಕ್ಕೆ ನಾನೇ ಇರಲಿಕ್ಕಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಸಿದ್ದಾಪುರದ ಹತ್ತಿರವಿದ್ದ ನನ್ನ ಹೆಂಡತಿಯ ತಮ್ಮನಿಗೆ, ಅಂದರೆ ಭಾವನಿಗೆ (ನಮ್ಮಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು), ಯಲ್ಲಾಪುರದ ಸ್ನೇಹಿತನೊಬ್ಬ ದುಬೈಯಿಂದ ರಿಮೋಟ್ ಕಾರು ತಂದುಕೊಟ್ಟಿದ್ದ. ಮೊಳಕ್ಕಿಂತ ಉದ್ದ, ನಿಜವಾದ ಪೆಟ್ರೋಲ್ ಇಂಜಿನ್ನು. ನನ್ನ ಕಳೆ ಕೊಚ್ಚುವ ಯಂತ್ರದ ಹಾಗೆಯೇ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಹಗ್ಗ ಎಳೆದು ಶುರು ಮಾಡಬೇಕು. ಅಷ್ಟು ನೋಡಿದ್ದೇ ಸಾಕಾಯಿತು, ಆ ಕಾರಿಗೆ ನಾನೇ ಪಂಡಿತನಾದೆ.

ಮರುವರ್ಷ ರಜೆಗೆ ಬರುವ ಮೊದಲು ಸ್ನೇಹಿತ ಫೋನು ಮಾಡಿ, ಕಾರಿಗೆ ಒಂದು ಸಾಮಾನು ತರುತ್ತೇನೆ, ಯಾವುದು ಬೇಕು ಎಂದು ಕೇಳಿದ. ಭಾವನಿಗೆ ಬೇಕಿದ್ದದ್ದು ಸಣ್ಣದೊಂದು ಸ್ವಿಚ್ಚಿನ ಡಬ್ಬಿ. ರಿಮೋಟಿನ ಸಂಪರ್ಕ ತಪ್ಪಿದರೆ ಅದು ತಾನಾಗಿಯೇ ಇಂಜಿನ್ ನಿಲ್ಲಿಸುತ್ತದೆ. ನಾನು ವೇಗ ಹೆಚ್ಚಿಸುವ ಸೈಲೆನ್ಸರ್ ತರಿಸು ಎಂದೆ. ಅವನು ಒಪ್ಪದಿದ್ದಾಗ ಊಟಕ್ಕೆ ಕೂತವರೆಲ್ಲರ ಎದುರು ಅವನನ್ನು ಆಡಿಕೊಂಡೆ.

"ಹೆದ್ರಿಕೆ ಆದ್ರೆ ದಾರ ಕಟ್ಟಿ ಎಳ್ಕಂಡು ಹೋಗು ಭಾವ."

ಎಲ್ಲರೂ ನಕ್ಕರು, ಬಡಿಸುತ್ತಿದ್ದ ಅತ್ತೆಯೂ. ಸೈಲೆನ್ಸರೇ ಬಂತು.

ನಾನು ಅಲ್ಲಿಯವರೆಗೆ ಬಳಸಿದ ಯಂತ್ರಗಳೆಲ್ಲ ಹೆಗಲಿಗೆ ನೇತುಹಾಕಿಕೊಳ್ಳುವಂಥವು. ಬೆರಳು ಒತ್ತಿದರೆ ಬಂದ್. ಕೈಯಿಂದ ದೂರ ಹೋದ ಯಂತ್ರವನ್ನು ನಿಲ್ಲಿಸುವುದು ಹೇಗೆ ಎಂಬ ಯೋಚನೆಯೇ ನನ್ನ ತಲೆಗೆ ಬಂದಿರಲಿಲ್ಲ.

ಕೊಯ್ಲು ಮುಗಿದ ಗದ್ದೆಯಲ್ಲಿ ಕಾರು ಬಿಟ್ಟೆವು, ರಿಮೋಟು ಭಾವನ ಕೈಯಲ್ಲಿ. ಇನ್ನೂ ಜೋರಾಗಿ ಬಿಡು ಎಂದು ಹಿಂದಿನಿಂದ ಹೇಳುತ್ತಿದ್ದವನು ನಾನೇ. ಅದು ಗದ್ದೆಯ ಆ ತುದಿ ಮುಟ್ಟಿತು, ತಿರುಗಿತು, ಆಮೇಲೆ ರಿಮೋಟಿನ ಮಾತು ಕೇಳಲಿಲ್ಲ.

"ಭಾವ, ನಿಲ್ತಿಲ್ಲೆ," ಎಂದ ಅವನು. ಗುಂಡಿ ಒತ್ತಿ ಹಿಡಿದ ಅವನ ಹೆಬ್ಬೆರಳು ಬೆಳ್ಳಗಾಗಿತ್ತು.

ಮಜ್ಜಿಗೆ ಹಿಡಿದು ಗದ್ದೆಯ ಅಂಚು ಇಳಿದು ಬರುತ್ತಿದ್ದ ಅತ್ತೆಯ ಕಾಲಿಗೆ ಕಾರು ಬಡಿಯಿತು. ಪಾದದ ಗಂಟು ಮುರಿದಿತ್ತು.

ಶಿರಸಿಯ ಆಸ್ಪತ್ರೆಯಲ್ಲಿ ಮಾವ ಕೇಳಿದರು, ಹೇಗಾಯಿತೆಂದು. ಭಾವ ಬಾಯಿ ತೆರೆಯುವ ಮೊದಲೇ, ಸ್ವಿಚ್ಚು ಬೇಕೆಂದವನು ನಾನೇ ಎಂಬಂತೆ ನಾನೆಂದೆ:

"ಆನು ಮೊದ್ಲೇ ಹೇಳಿದ್ದೆ, ಸ್ವಿಚ್ ಹಾಕ್ಸು ಹೇಳಿ."

ಅಳಿಯ ಆಡಿದ ಮಾತಿಗೆ ಆ ಮನೆಯಲ್ಲಿ ಎದುರು ಮಾತಿಲ್ಲ. ಊಟದ ಹೊತ್ತಿನ ನಗು ಮಾವನಿಗೂ ನೆನಪಿದ್ದಿರಬೇಕು, ಆದರೂ ಅವರು ಮಗನ ಕಡೆಗೇ ತಿರುಗಿದರು. ಭಾವ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದ.

ಅಲ್ಲಿಂದ ಮುಂದೆ ಅತ್ತೆ ಕಾಲೆಳೆದೇ ನಡೆದರು. ನೆಂಟರ ಬಾಯಲ್ಲಿ ಅವನು ಅಮ್ಮನ ಕಾಲು ಮುರಿದವನಾದ. ತಮಾಷೆಗೆ ಅಂದರೂ ಅವನು ಎದ್ದು ಹೊರಗೆ ಹೋಗುತ್ತಿದ್ದ. ನಾನು ಕೂತೇ ಇರುತ್ತಿದ್ದೆ.

ಅತ್ತೆ ಹಾಸಿಗೆ ಹಿಡಿದಾಗ ಅವರೊಬ್ಬರ ಬಳಿ ಎಲ್ಲವನ್ನೂ ಹೇಳಿ, ಆ ಕಾಲನ್ನು ಮುಟ್ಟಿ ಕ್ಷಮೆ ಕೇಳಿದೆ. ಅವರು ಕಾಲನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡರು.

"ಯನ್ನ ಹತ್ರ ಎಂತಕ್ಕೆ? ಅವನ ಹತ್ರ ಹೇಳಿ."

ಹೇಳಲಿಲ್ಲ. ಈಗಲೂ ಆ ಮನೆಗೆ ಹೋದರೆ ಅವನು ನನ್ನ ಎಲೆಗೇ ಮೊದಲು ಬಡಿಸುತ್ತಾನೆ. ನಾನು ಕ್ಷಮೆ ಕೇಳದೆ ಬಿಟ್ಟದ್ದು ಅವನಲ್ಲಿ: ಭಾವನಲ್ಲಿ, ನನ್ನ ಹೆಂಡತಿಯ ಒಬ್ಬನೇ ತಮ್ಮನಲ್ಲಿ.