ನಮ್ಮ ಬಾಗಿಲು ದಾಟಿಹೋದ ಗಂಟೆ

ನಮ್ಮ ಊರಿಗೆ ದೇವರು ಬರುತ್ತಿದ್ದದ್ದು ತಿಂಗಳಿಗೊಮ್ಮೆ, ತಡಸದ ಹಾದಿಯಲ್ಲಿ, ಒಬ್ಬ ಬಿಳಿ ಪಾದ್ರಿಯ ಸೈಕಲ್ಲಿನ ಮೇಲೆ. ಶಿಗ್ಗಾಂವಿಗೆ ಹತ್ತಿರದ ಆ ಸಣ್ಣ ಊರಿನಲ್ಲಿ ಕ್ರಿಸ್ತನನ್ನು ನಂಬಿದವರು ಎರಡು ಓಣಿಯವರಿದ್ದರು. ಊರೊಳಗೆ ನೇಕಾರರು. ಅವರು ಮುತ್ತಜ್ಜನ ಕಾಲದಿಂದ ಈ ಮತದವರು, ಕ್ರಿಸ್ತನ ಗುಡಿ ಕಟ್ಟಲು ಜಾಗ ಕೊಟ್ಟವರು. ಊರ ಹೊರಗೆ, ರಸ್ತೆಗೆ ಹತ್ತಿಕೊಂಡು, ತೊಗಲಿನ ಕೆಲಸದ ನಾವು. ನಮ್ಮ ಕೇರಿಯಲ್ಲಿ ಮೊದಲು ತಲೆಯ ಮೇಲೆ ಜ್ಞಾನಸ್ನಾನದ ನೀರು ಹಾಕಿಸಿಕೊಂಡವಳು ನನ್ನ ಅವ್ವ.

ಅವ್ವ ಸ್ವರ್ಗಕ್ಕೆ ಆಸೆಪಟ್ಟು ಸೇರಿದವಳಲ್ಲ. ಸ್ವರ್ಗದ ವಿಷಯ ಅವಳಿಗೆ ಅಷ್ಟಕ್ಕಷ್ಟೆ. ಪೂಜೆಯ ಕೊನೆಗೆ ಪಾದ್ರಿಗಳು ಮೊಣಕಾಲೂರಿ ಕೂತವರ ನಾಲಿಗೆಯ ಮೇಲೆ ತಮ್ಮ ಬೆರಳಿನಿಂದಲೇ ಪರಮ ಪ್ರಸಾದದ ತೆಳ್ಳನೆಯ ಬಿಳಿ ಬಿಲ್ಲೆ ಇಡುತ್ತಿದ್ದರು. ಅದನ್ನು ಒಂದು ದಿನ ಗುಡಿಯ ಕಿಟಕಿಯಿಂದ ನೋಡಿದ್ದಳು. ಅಷ್ಟೇ ಸಾಕಾಯಿತು. ಅವಳು ಹುಟ್ಟಿದಾಗಿನಿಂದ ಜನ ಅವಳ ಬೊಗಸೆಗೆ ಎತ್ತರದಿಂದ ನೀರು ಹೊಯ್ದಿದ್ದರು, ಅವಳು ಹೊಲಿದ ಚಪ್ಪಲಿಯನ್ನು ನೆಲಕ್ಕೆ ಇಡಿಸಿ ಆಮೇಲೆ ಎತ್ತಿಕೊಂಡಿದ್ದರು.

"ನನ್ನ ನಾಲಿಗಿ ಮುಟ್ಟಿ, ಅದ ಬೆರಳಲೆ ಬಾಜೂದಾಕಿ ನಾಲಿಗಿ ಮುಟ್ಟತಾರ," ಎಂದು ನನಗೆ ಹೇಳುತ್ತಿದ್ದಳು. "ನಡುವ ಕೈ ತೊಳಕೊಳ್ಳಂಗಿಲ್ಲ. ಇಂಥಾ ದೇವ್ರು ಇನ್ನೆಲ್ಲ್ಯರ ಸಿಗ್ತಾನೇನು?"

ತೊಗಲು ಹದ ಮಾಡಿ ಮಾಡಿ ಅವಳ ಕೈ ಕಂದುಗಟ್ಟಿದ್ದವು. ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಬೇವಿನ ಕಡ್ಡಿಯಿಂದ ನಾಲಿಗೆಯನ್ನು ರಕ್ತ ಬರುವ ಹಾಗೆ ಉಜ್ಜಿಕೊಂಡು ಪೂಜೆಗೆ ಹೋಗುತ್ತಿದ್ದಳು. ಅವಳ ಭಕ್ತಿಯೆಲ್ಲ ನಾಲಿಗೆಯ ಮೇಲೇ ಇತ್ತು. ನಾನು ನಗುತ್ತಿದ್ದೆ. ಆಗ ನನಗೆ ಇಪ್ಪತ್ತರ ಆಸುಪಾಸು. ಗಂಡ ಸತ್ತು ತವರಿಗೆ ಬಂದು, ಸವಣೂರಿನ ಸಂತೆಗೆ ಚಪ್ಪಲಿ ಹೊತ್ತು ಮಾರಿ ಬರುತ್ತಿದ್ದೆ.

ಪಾದ್ರಿಗಳು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅವರು ಒಳ್ಳೆಯವರು. ಪುಸ್ತಕದ ಕನ್ನಡ ಮಾತಾಡುವರು, ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವರು. ರೋಮಿನ ದೊಡ್ಡ ಗುರುಗಳು ಏನು ಕಲಿಸಿದ್ದಾರೆಂದು ತಿಳಿಸಿ ಹೇಳುವರು. ದುಡಿಯುವವನನ್ನು ದನದ ಹಾಗೆ ಕಾಣಬಾರದು, ಕೂಲಿ ಅಂದರೆ ಮನೆಮಂದಿ ಹೊಟ್ಟೆತುಂಬ ಉಣ್ಣುವಷ್ಟು ಇರಬೇಕು, ಎಲ್ಲ ಬಣ್ಣದವರೂ ಎಲ್ಲ ಕುಲದವರೂ ಒಬ್ಬ ತಂದೆಯ ಮಕ್ಕಳು. ಹೇಳುವಾಗ ಅವರ ಕಣ್ಣು ತುಂಬುತ್ತಿದ್ದವು. ಅವ್ವ ಹೌದ್ರಿ ಹೌದ್ರಿ ಎಂದು ತಲೆಯಾಡಿಸುತ್ತಿದ್ದಳು.

ಆಗೆಲ್ಲ ಪ್ರಸಾದದ ಸಾಲಿಗೆ ನೇಮವಿರಲಿಲ್ಲ. ಮೊದಲು ಹೋದವರು ಮೊದಲು ಕೂಡುವರು. ನೇಕಾರರ ಹೆಂಗಸರು ನಮ್ಮನ್ನು ಕಂಡು ಸೆರಗು ಬರಸೆಳೆದುಕೊಳ್ಳುತ್ತಿದ್ದರು, ಅಷ್ಟೆ. ಅದು ಕೆಟ್ಟದ್ದು ಒಂದು ಕ್ರಿಸ್ತಜಯಂತಿಯ ದಿನ. ಶಿಗ್ಗಾಂವಿಯ ಬಂಗಲೆಯಲ್ಲಿ ಮುಕ್ಕಾಂ ಮಾಡಿದ್ದ ಒಬ್ಬ ಬಿಳಿ ಸಾಹೇಬ ಹೆಂಡತಿಯನ್ನು ಕರೆದುಕೊಂಡು ನಮ್ಮ ಗುಡಿಗೆ ಪೂಜೆಗೆ ಬಂದ. ನಾವೆಲ್ಲ ನೆಲದ ಮೇಲೆ ಕೂಡುವವರು. ಅವರಿಗೆ ಎರಡು ಕುರ್ಚಿ ಬಂದವು, ಎಲ್ಲರಿಗಿಂತ ಮುಂದೆ. ಪ್ರಸಾದದ ಹೊತ್ತಿಗೆ ನೇಕಾರ ಓಣಿಯ ಯಜಮಾನರು ಆಗಲೇ ಸಾಲಿನ ಮೊದಲಲ್ಲಿ ಕೂತು ಬಾಯಿ ತೆರೆದಿದ್ದರು. ಪಾದ್ರಿಗಳು ಅವರನ್ನು ದಾಟಿ ಕುರ್ಚಿಯ ಬಳಿ ಹೋದರು. ಯಜಮಾನರು ತೆರೆದ ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಆಗ ಅವರ ಬಗ್ಗೆ ಪಾಪ ಅನ್ನಿಸಿತು. ಹಾಗನ್ನಿಸಿದ್ದನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಪೂಜೆ ಮುಗಿದ ಮೇಲೆ ಯಜಮಾನರು ಅಂಗಳದಲ್ಲೇ ಕೇಳಿದರು.

"ಸ್ವಾಮಿ, ಅವರಿಗೆ ಮೊದಲ ಯಾಕ ಕೊಟ್ರಿ?"

"ಅವರು ಅತಿಥಿಗಳು," ಎಂದರು ಪಾದ್ರಿಗಳು.

"ಅತಿಥಿಗಳಲ್ರಿ, ಬಿಳೇ ಮಂದಿ. ಇರ್ಲಿ, ನಾವೇನು ಬ್ಯಾಡ ಅನ್ನಂಗಿಲ್ಲ. ಬಿಳೇರಿಗೆ ನಮಗಿಂತ ಮೊದಲ ಕೊಟ್ರ ಪಾಪ ಅಲ್ಲ ಅಂದ್ರ, ನಮಗ ಆ ಕೇರಿಯವರಿಗಿಂತ ಮೊದಲ ಕೊಟ್ರ ಅದ್ಹೆಂಗ ಪಾಪ ಆಗ್ತೈತಿ? ಅವರ ಎಂಜಲ ಮುಟ್ಟಿದ ಬೆರಳು ನಮ್ಮ ಬಾಯಿಗೆ ಬರೂದು ಬ್ಯಾಡ್ರಿ. ಆಗಂಗಿಲ್ಲ ಅಂದ್ರ ಹೇಳಿಬಿಡ್ರಿ, ಬ್ಯಾರೆ ಮಿಶನ್ನಿನವರು ಕರ್ಯಾಕತ್ತಾರ."

ಪಾದ್ರಿಗಳ ಮುಖ ಕೆಂಪಾಯಿತು. ಕುರ್ಚಿ ತಪ್ಪು ಎಂದು ಒಪ್ಪಿಕೊಂಡಿದ್ದರೆ ಮುಗಿದುಹೋಗುತ್ತಿತ್ತು, ಆದರೆ ಒಪ್ಪಲಿಲ್ಲ. "ಸದ್ಯಕ್ಕೆ ಹಾಗೆಯೇ ಆಗಲಿ," ಎಂದರು. ಅಂದಿನಿಂದ ನೇಕಾರರೆಲ್ಲರ ಪ್ರಸಾದ ಮುಗಿದ ಮೇಲೆ ನಮ್ಮದು. ಮನೆಗೆ ಹೋಗಿ ರೋಗಿಗಳಿಗೆ ಕೊಡುವಾಗಲೂ ಅದೇ ನೇಮ: ಮೊದಲು ಅವರ ಓಣಿ, ಆಮೇಲೆ ನಮ್ಮ ಕೇರಿ.

ನಾನು ಕೂಗಾಡಿದೆ. ಅವ್ವ ಕೂಗಾಡಲಿಲ್ಲ. "ಕೊನಿಗರ ಕೊಡ್ತಾರಲ್ಲ, ಸುಮ್ನಿರ," ಎಂದಳು.

ಯುದ್ಧದ ಕಾಲದ ಒಂದು ಮಳೆಗಾಲ ಮುಗಿದ ಮೇಲೆ ಚಳಿಜ್ವರ ಎರಡೂ ಓಣಿಗಳಲ್ಲಿ ಕಾಲು ಚಾಚಿತು. ಕ್ವಿನೈನ್ ಗುಳಿಗೆ ದವಾಖಾನೆಯಲ್ಲೂ ಇಲ್ಲ. ಅವ್ವ ಹಾಸಿಗೆ ಹಿಡಿದಳು. ಕೊನೆಗೆ ಮೈಯಲ್ಲಿ ಉಳಿದದ್ದು ಮೂಳೆ ಮತ್ತು ಒಂದೇ ಆಸೆ. ನಾಲಿಗೆಯ ಮೇಲೆ ಪ್ರಸಾದ ಇಟ್ಟುಕೊಂಡು ಸಾಯಬೇಕು. ಪಾದ್ರಿಗಳಿಗೆ ಹೇಳಿಕಳಿಸಿದೆವು. ನೇಕಾರರೂ ಹೇಳಿಕಳಿಸಿದ್ದರು.

ಪಾದ್ರಿಗಳು ಬೆಳಗಿನ ಹೊತ್ತು ಬಂದರು. ರೋಗಿಗಳಿಗೆ ಪ್ರಸಾದ ತರುವ ಪಾದ್ರಿ ಅದನ್ನು ಎದೆಯ ಮೇಲಿನ ಸಣ್ಣ ಚೀಲದಲ್ಲಿಟ್ಟುಕೊಂಡು, ಯಾರೊಡನೆಯೂ ಮಾತಾಡದೆ ನಡೆದು ಬರಬೇಕು. ಮುಂದೆ ಒಬ್ಬ ಗಂಟೆ ಬಾರಿಸುತ್ತ ಬರುತ್ತಾನೆ. ತಡಸದ ಹಾದಿಯಿಂದ ಬಂದವರಿಗೆ ಊರಿನ ಮೊದಲ ಮನೆ ನಮ್ಮದೇ.

ಗಂಟೆ ಕೇಳಿ ಅವ್ವ ಕಣ್ಣು ತೆರೆದಳು. "ಬಂದ್ರಲ್ಲ," ಎಂದಳು. ಬಾಯಿ ಮುಕ್ಕಳಿಸಬೇಕೆಂದು ಸನ್ನೆ ಮಾಡಿದಳು. ನೀರು ಹಾಕಿ, ಒದ್ದೆ ಅರಿವೆಯಿಂದ ಅವಳ ನಾಲಿಗೆ ಒರೆಸಿದೆ. ಅವಳು ಬಾಯಿ ತೆರೆದುಕೊಂಡು ಬಾಗಿಲ ಕಡೆ ಮುಖ ಮಾಡಿ ಮಲಗಿದಳು. ಗಂಟೆ ಅಂಗಳದ ಮುಂದೆ ಬಂತು. ಹಾಗೇ ಮುಂದೆ ಹೋಯಿತು.

ಹೊರಗೆ ಓಡಿ ರಸ್ತೆಯಲ್ಲಿ ಅವರಿಗೆ ಅಡ್ಡ ಕೂತೆ. "ಸ್ವಾಮಿ, ಅವ್ವ ಸಾಯಾಕತ್ತಾಳ್ರಿ. ಇಲ್ಲೇ ಐತ್ರಿ ಮನಿ, ಇದ ಬಾಗಲಾ!" ಎಂದೆ. ಅವರು ಮಾತಾಡಲಿಲ್ಲ, ಮಾತಾಡಬಾರದಲ್ಲ. ಕೈಯೆತ್ತಿ, ಬರುತ್ತೇನೆ ಎಂದು ಸನ್ನೆ ಮಾಡಿದರು. ನನ್ನನ್ನು ಬಳಸಿಕೊಂಡು ನಡೆದೇಬಿಟ್ಟರು.

ಹಿಂದೆಯೇ ಹೋದೆ. ನೇಕಾರ ಓಣಿಯ ಬಾಯಿಯಲ್ಲಿ ನಿಂತೆ, ನಮಗೆ ಅಲ್ಲಿಯವರೆಗೇ. ಗಂಟೆ ಒಂದೊಂದೇ ಮನೆ ಹೊಕ್ಕಿತು, ಹೊರಗೆ ಬಂತು. ಪ್ರತಿ ಮನೆಯಲ್ಲೂ ಬಿಳಿ ಅರಿವೆ ಹಾಸಿ, ಮೇಣದ ಬತ್ತಿ ಹಚ್ಚಿ ಕಾದಿದ್ದರು. ಯಜಮಾನರಿಗೂ ಜ್ವರವಂತೆ. ತಮ್ಮ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಹೆಂಡತಿ ಅಂಬಲಿ ಆರಿಸುತ್ತಿದ್ದಳು. ನಾನು ಅಲ್ಲಿಂದಲೇ ಅರಚಿದೆ.

"ಯಜಮಾನ್ರ, ನೀವ ಒಂದ್ಮಾತು ಹೇಳ್ರಿ! ಒಂದ ಸಲ ನಮ್ಮ ಅವ್ವಗ ಮೊದಲ ಕೊಡ್ಲಿ. ನಿಮ್ಮ ಕಾಲು ಬೀಳ್ತೇನಿ!"

"ಸ್ವಲ್ಪ ತಡಿಯವಾ," ಎಂದರು ಅವರು, ಸಿಟ್ಟಿಲ್ಲದೆ. "ಮುಗೀತು, ಬರ್ತಾರ. ನೇಮ ಅಂದಮ್ಯಾಲ ನೇಮ."

ಸಿಟ್ಟಿಲ್ಲದ ಆ ದನಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಪಾದ್ರಿಗಳೊಡನೆ ಮನೆಗೆ ಬಂದಾಗ ಅವ್ವ ನಾನು ಮಲಗಿಸಿದ ಹಾಗೆಯೇ ಇದ್ದಳು, ಮುಖ ಬಾಗಿಲ ಕಡೆ, ಬಾಯಿ ತೆರೆದು. ಪಾದ್ರಿಗಳು ಮೂಗಿನ ಬಳಿ ಕೈ ಹಿಡಿದು ನೋಡಿದರು. ಆಮೇಲೆ ಮೊಣಕಾಲೂರಿ ಕುಸಿದರು.

"ಇಡ್ರಿ ಸ್ವಾಮಿ," ಎಂದೆ. "ಬಾಯಿ ತೆರದ ಐತ್ಯಲ್ಲ."

"ಸತ್ತವರಿಗೆ ಕೊಡಲಾಗದು, ಮಗಳೇ."

"ಈಗಷ್ಟ ಸತ್ತಾಳ್ರಿ. ಮೈ ಇನ್ನಾ ಬೆಚ್ಚಗೈತಿ, ಮುಟ್ಟಿ ನೋಡ್ರಿ."

ಅವರು ಹಣೆಗೆ ತೈಲ ಹಚ್ಚಿದರು, ಪ್ರಾರ್ಥನೆ ಹೇಳಿದರು, ಮಗುವಿನ ಹಾಗೆ ಅತ್ತರು. ಅವ್ವನ ಪಾಲಿನ ಬಿಲ್ಲೆ ಅವರ ಎದೆಯ ಮೇಲಿನ ಚೀಲದಲ್ಲೇ ವಾಪಸು ಹೋಯಿತು. ಅವ್ವನ ಬಾಯಿ ಮುಚ್ಚಲು ಗಲ್ಲಕ್ಕೆ ಅರಿವೆ ಕಟ್ಟಬೇಕಾಯಿತು. ಮಸಣದಲ್ಲೂ ನೇಕಾರರ ಪಾಲಿಗೂ ನಮ್ಮ ಪಾಲಿಗೂ ನಡುವೆ ಕಳ್ಳಿಯ ಬೇಲಿ. ಬೇಲಿಯ ಈಚೆ ಹೂಳಿದೆವು.

ಜ್ವರ ಹೆಚ್ಚಿದ್ದರಿಂದ ಪಾದ್ರಿಗಳು ಊರಲ್ಲೇ ಉಳಿದರು. ಮೂರನೆಯ ದಿನ ಭಾನುವಾರ. ಪ್ರಸಾದದ ಹೊತ್ತಿಗೆ ಅವರು ಪೀಠದಿಂದ ಇಳಿದು ನೆಟ್ಟಗೆ ನಮ್ಮ ಕಡೆ ಹೆಜ್ಜೆ ಹಾಕಿದರು. ಅವ್ವ ಸತ್ತದ್ದಕ್ಕೆ ಇಷ್ಟಾದರೂ ಆಯಿತು ಎಂದುಕೊಂಡೆ. ಯಜಮಾನರು ಎದ್ದು ನಿಂತರು. ಅವರ ಹಿಂದೆ ಇಡೀ ಓಣಿ ಎದ್ದಿತು. ಪಾದ್ರಿಗಳು ನಡುವೆಯೇ ನಿಂತು, ತಿರುಗಿ, ಅವರ ಸಾಲಿಗೆ ಹೋದರು.

ನಮ್ಮ ಸರದಿ ಬಂದಾಗ ನಾನೂ ಬಾಯಿ ತೆರೆದೆ. ಬಿಲ್ಲೆಯನ್ನು ಒಣ ನಾಲಿಗೆಯ ಮೇಲಿಟ್ಟುಕೊಂಡು, ನುಂಗದೆ, ಎದ್ದು ಹೊರಗೆ, ಮಸಣಕ್ಕೆ ಹೋದೆ. ಸತ್ತವರಿಗೆ ಮೂರನೆಯ ದಿನ ಮಣ್ಣಿನ ಮೇಲೆ ಎಡೆ ಇಡುವುದು ನಮ್ಮವರ ಹಳೆಯ ಪದ್ಧತಿ. ಅವರಿಗೆ ಯಾವುದರ ಮೇಲೆ ಜೀವವಿತ್ತೋ ಅದನ್ನೇ ಇಡುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡ ಹಾಗೆ. ಮತ ಬದಲಾದ ಮೇಲೆ ಅದೆಲ್ಲ ಬಿಟ್ಟಿದ್ದೆವು. ಅವ್ವನ ತಲೆಯ ಕಡೆಗೆ ಮುತ್ತುಗದ ಎಲೆ ಹಾಸಿ, ಬಾಯಿಂದ ಬಿಲ್ಲೆ ತೆಗೆದು ಅದರ ಮೇಲಿಟ್ಟೆ.

ಪಾದ್ರಿಗಳು ಪೂಜೆಯ ಬಟ್ಟೆಯಲ್ಲೇ ಓಡಿಬಂದರು. "ಮಗಳೇ, ಇದು ಮಹಾಪಾಪ!" ಎಂದು ಕೂಗಿದರು.

"ಸತ್ತವರಿಗೆ ಕೊಡಾಕ ನಿಮಗ ಬರಂಗಿಲ್ರಿ," ಎಂದೆ. "ನಮಗ ಬರ್ತೈತಿ."

ಅವರು ಎಲೆಯ ಕಡೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಬೇಲಿಯ ಪಕ್ಕ ಕೂತುಬಿಟ್ಟರು. ಇಬ್ಬರೂ ಕಾದೆವು.

ಕಾಗೆ ಬೇವಿನ ಮರದಲ್ಲಿ ಕೂತಿತ್ತು, ಇಳಿಯಲಿಲ್ಲ. ಕಾಗೆ ಇಳಿಯದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಅದನ್ನು ತೀರಿಸುತ್ತೇನೆಂದು ಮಕ್ಕಳು ಬಾಯಿಬಿಟ್ಟು ಮಾತು ಕೊಡಬೇಕು, ಕೊಟ್ಟೊಡನೆ ಇಳಿಯುತ್ತದೆ ಎನ್ನುತ್ತಾರೆ. ಯಾರ ನಾಲಿಗೆಗೂ ಹಿಂದು ಮುಂದಿಲ್ಲದ ಒಂದೇ ಸಾಲು, ಅದೇ ಅವ್ವನ ಆಸೆ ಎಂದು ನನಗೂ ಗೊತ್ತಿತ್ತು, ಆ ಬಿಳಿ ಮನುಷ್ಯನಿಗೂ ಗೊತ್ತಿತ್ತು. ತೀರಿಸುವುದು ನನ್ನ ಕೈಯಲ್ಲಿರಲಿಲ್ಲ. ನಾನು ಅವರ ಮುಖ ನೋಡಿದೆ.

"ನೀವರ ಮಾತು ಕೊಡ್ರಿ, ಸ್ವಾಮಿ."

ಬಿಸಿಲು ನೆತ್ತಿಗೆ ಬಂತು. ಅವರು ಬಾಯಿ ತೆರೆಯಲಿಲ್ಲ.